ಜಪಾನಿನ ಆಫೀಸಿನಲ್ಲಿ ಫೋನ್ ಎತ್ತುವುದು ಹೇಗೆ? ಗೌರವದ ಭಾಷೆ ಕೇಗೊ ಕಲಿತವರು ದಯವಿಟ್ಟು ಹೇಳಿ

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರ್, ಊರು ಹಾಸನದ ಹತ್ತಿರ. ಇನ್ನು ಮೂರು ತಿಂಗಳಿಗೆ ಕೆಲಸಕ್ಕೆ ಅಂತ ನಗೋಯಾಗೆ ಹೊರಟಿದ್ದೇನೆ. ಬೆಂಗಳೂರಿನಲ್ಲಿ ಎರಡೂವರೆ ವರ್ಷ ಸಂಜೆ ಕ್ಲಾಸಿಗೆ ಹೋಗಿ ಜಪಾನಿ ಕಲಿತೆ. ಜೆಎಲ್‌ಪಿಟಿಯಲ್ಲಿ ಎನ್3 ಪಾಸಾಗಿದೆ, ಅಂದರೆ ಜಪಾನಿ ಭಾಷಾ ಪರೀಕ್ಷೆಯ ಐದು ಹಂತದಲ್ಲಿ ನಡುವಿನದು. ಓದುವುದು ಅಷ್ಟೇನೂ ಕಷ್ಟ ಇಲ್ಲ. ನಿಧಾನವಾಗಿ ಮಾತಾಡಿದರೆ ಅರ್ಥವೂ ಆಗುತ್ತದೆ.

ಹೋದ ವಾರ ಅಲ್ಲಿಯ ತಂಡದ ಜೊತೆ ವಿಡಿಯೊ ಕಾಲ್ ಇತ್ತು. ಶುರುವಿನಲ್ಲೇ ಅವರು ಎರಡು ವಾಕ್ಯ ಹೇಳಿದರು. ಒಂದು ಪದವೂ ಕಿವಿಗೆ ಹತ್ತಲಿಲ್ಲ. ಆಮೇಲೆ ಗೊತ್ತಾಯ್ತು, ಅದು ಬರೀ ನಮಸ್ಕಾರದ ಮಾತು ಅಂತ. ಕ್ಲಾಸಿನಲ್ಲಿ ಕಲಿತ 'ಇಕಿಮಸು' (ಹೋಗುತ್ತೇನೆ), 'ತಬೆಮಸು' (ತಿನ್ನುತ್ತೇನೆ) ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಇದಕ್ಕಿಂತ ಜಾಸ್ತಿ ಭಯ ಇನ್ನೊಂದಿದೆ. ಆಫೀಸಿಗೆ ಬರುವ ಫೋನನ್ನು ಹೊಸಬರೇ ಎತ್ತಬೇಕಂತೆ. ಅದು ನೆನಪಾದರೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಬಿಸಿನೆಸ್ ವಾಕ್ಯಗಳನ್ನು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡಲಾ? ಇಲ್ಲ, ಗೌರವದ ವ್ಯಾಕರಣವನ್ನು ಬುಡದಿಂದ ಕಲಿಯಲಾ? ಅಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಯೊದೊಗವ:

ಮೇಡಂ, ನಾನು ಒಸಾಕಾಕ್ಕೆ ಬಂದು 11 ವರ್ಷ ಆಯ್ತು. ನೀವು ಹೇಳಿದ ಆ ಭಯ ನನಗೆ ಚೆನ್ನಾಗಿ ಗೊತ್ತು. ನನ್ನ ಮೊದಲ ತಿಂಗಳಿನ ಒಂದು ಫೋನಿನ ಕತೆ ಹೇಳುತ್ತೇನೆ, ಅದರಲ್ಲೇ ಅರ್ಧ ಪಾಠ ಇದೆ.

ಒಬ್ಬ ಗ್ರಾಹಕರು ಫೋನ್ ಮಾಡಿ ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿದರು. ಅವರ ಹೆಸರು ತನಕ ಅಂತ ಇಟ್ಟುಕೊಳ್ಳಿ. ಅವರು ಸೀಟಿನಲ್ಲಿ ಇರಲಿಲ್ಲ. ನಾನು ಕಲಿತಿದ್ದ ಗೌರವವನ್ನೆಲ್ಲ ಸುರಿದು 'ತನಕ ಬುಚೋ ವ ಇರಶ್ಶಯಿಮಸೆನ್' ಅಂದೆ. ಬುಚೋ ಅಂದರೆ ವಿಭಾಗದ ಮುಖ್ಯಸ್ಥರು. ಇರಶ್ಶರು ಅಂದರೆ ದೊಡ್ಡವರು ಇರುವುದು, ಬರುವುದು, ಹೋಗುವುದು. ನಮ್ಮ 'ದಯಮಾಡಿಸು' ಇದ್ದ ಹಾಗೆ. ಆ ಕಡೆಯವರು ಒಂದು ಕ್ಷಣ ಸುಮ್ಮನಾದರು. ಫೋನ್ ಇಟ್ಟ ಮೇಲೆ ಪಕ್ಕದ ಸೀಟಿನ ಹಿರಿಯರು ಏನೂ ಅನ್ನದೆ ಹಳದಿ ಚೀಟಿಯ ಮೇಲೆ ಒಂದು ಸಾಲು ಬರೆದು ನನ್ನ ಕಂಪ್ಯೂಟರಿಗೆ ಅಂಟಿಸಿದರು. 'ತನಕ ವ ತದಯಿಮ ಸೆಕಿ ಒ ಹಝುಶಿತೆ ಒರಿಮಸು.' ತನಕ ಈಗ ಸೀಟಿನಲ್ಲಿ ಇಲ್ಲ. ಅಷ್ಟೇ. ಬುಚೋ ಇಲ್ಲ, ಹೆಸರಿನ ಕೊನೆಗೆ ಗೌರವಕ್ಕೆ ಸೇರಿಸುವ ಸನ್ ಇಲ್ಲ. ಬರೀ ತನಕ!

ನಾವು ಕನ್ನಡದವರು ಇಲ್ಲೇ ಎಡವುವುದು. ನಮ್ಮಲ್ಲಿ ಹೊರಗಿನವರು ಫೋನ್ ಮಾಡಿದರೆ 'ನಮ್ಮ ಸಾಹೇಬರು ಮೀಟಿಂಗಿನಲ್ಲಿ ಇದ್ದಾರೆ' ಅನ್ನುತ್ತೇವೆ. 'ಇದ್ದಾನೆ' ಅಂದರೆ ಕೆಲಸ ಹೋದ ಹಾಗೇ. ದೊಡ್ಡವರು ಯಾರ ಮುಂದೆಯೂ ದೊಡ್ಡವರೇ. ಜಪಾನಿಯಲ್ಲಿ ಹಾಗಲ್ಲ. ಅಲ್ಲಿ ಮೊದಲು ನೋಡುವುದು ಉಚಿ ಯಾರು, ಸೊತೊ ಯಾರು ಅಂತ. ಉಚಿ ಅಂದರೆ ಒಳಗಿನವರು, ಸೊತೊ ಅಂದರೆ ಹೊರಗಿನವರು. ಗ್ರಾಹಕರ ಎದುರು ನೀವು, ನಿಮ್ಮ ಮುಖ್ಯಸ್ಥರು, ಕಂಪನಿಯ ಅಧ್ಯಕ್ಷರು ಎಲ್ಲರೂ ಒಂದೇ ಮನೆಯವರು. ಮನೆಯವರನ್ನು ಹೊರಗಿನವರ ಮುಂದೆ ಏರಿಸಿ ಮಾತಾಡುವ ಹಾಗಿಲ್ಲ. ಅದೇ ತನಕ ಅವರ ಹೆಂಡತಿ ಫೋನ್ ಮಾಡಿದರೆ? ಆಗ ಅವರೇ ಆ ಮನೆಯವರು, ನೀವು ಹೊರಗಿನವರು. ಆಗ ಬುಚೋನೂ ವಾಪಸ್ ಬರುತ್ತದೆ, ಇರಶ್ಶರೂ ವಾಪಸ್ ಬರುತ್ತದೆ.

ಇದೊಂದು ತಲೆಯಲ್ಲಿ ಕೂತರೆ ವಾಕ್ಯಗಳು ತಾವಾಗಿ ಕೂರುತ್ತವೆ. ಇದು ಕೂರದಿದ್ದರೆ ಇನ್ನೂರು ವಾಕ್ಯ ಬಾಯಿಪಾಠ ಇದ್ದರೂ ತಪ್ಪು ಕಡೆಗೆ ತಪ್ಪು ವಾಕ್ಯ ಹೋಗುತ್ತದೆ.

ಎರಡನೇ_ಪಾಳಿ:

ಬಿಡದಿ ಕಡೆಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ನನ್ನ ಕೆಲಸ. ತರಬೇತಿಗೆ ಅಂತ ಆರು ತಿಂಗಳು ಅಯಿಚಿ ಪ್ರಾಂತ್ಯದಲ್ಲಿ ಇದ್ದೆ. ಮೇಡಂ, ನೀವು ಆಫೀಸಿನ ಜಪಾನಿ ಕೇಳುತ್ತಿದ್ದೀರಿ. ಆದರೆ ಎಂಜಿನಿಯರ್ ಆದ ಮೇಲೆ ಒಂದಲ್ಲ ಒಂದು ದಿನ ಗೆಂಬಕ್ಕೆ ಇಳಿಯಲೇಬೇಕು. ಗೆಂಬ ಅಂದರೆ ಕೆಲಸ ನಡೆಯುವ ಜಾಗ. ಅಲ್ಲಿಯ ಮಾತೇ ಬೇರೆ.

ಟೊಯೊಟಾ ಬಿಡದಿಗೆ ಬಂದು 1999ರಲ್ಲಿ ಗಾಡಿ ಮಾಡಲು ಶುರು ಮಾಡಿತಲ್ಲ, ಆಮೇಲೆ ಈ ಸೀಮೆಯ ಹುಡುಗರಿಗೆ ಕೈಝೆನ್ (ಸುಧಾರಣೆ), ಮುದ (ದಂಡ), ಪೊಕ ಯೊಕೆ (ತಪ್ಪಾಗದ ಹಾಗೆ ತಡೆ) ಎಲ್ಲ ಮನೆಮಾತಾಗಿವೆ. ಸೇರಿ, ಸೇತೊನ್, ಸೇಸೋ, ಸೇಕೆತ್ಸು, ಶಿತ್ಸುಕೆ ಅಂತ ಕೆಲಸದ ಜಾಗ ಅಚ್ಚುಕಟ್ಟಾಗಿಡುವ ಐದು ಹೆಜ್ಜೆಗಳನ್ನೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಆದರೆ ಅಲ್ಲಿಗೆ ಹೋದಾಗ ನನಗೆ ಮನಸ್ಸಿಗೆ ಹಿಡಿಸಿದ್ದು ಬೇರೆ ಎರಡು.

ಒಂದು, ಬೆಳಿಗ್ಗೆ ಲೈನಿಗೆ ಹೋಗುವ ಮುಂಚೆ ಒಬ್ಬರಿಗೊಬ್ಬರು ಹೇಳುವ 'ಗೊಅನ್ಝೆನ್ ನಿ'. ಸುರಕ್ಷಿತವಾಗಿರಿ ಅಂತ ಅರ್ಥ. ಸಾವಿರ ಸಲ ಹೇಳಿದರೂ ಯಾರೂ ಅದನ್ನು ತೇಲಿಸಿ ಹೇಳಲ್ಲ. ಇನ್ನೊಂದು, ಬೆರಳು ತೋರಿಸಿ ಕೂಗುವುದು. ಸ್ವಿಚ್ ಆಫ್ ಮಾಡಿದ ಮೇಲೆ ಅದರ ಕಡೆಗೆ ಕೈ ಚಾಚಿ 'ಯೊಶಿ!' ಅನ್ನಬೇಕು. ಸರಿ ಇದೆ ಅಂತ ಕಣ್ಣಿಗೂ ಕೈಗೂ ಬಾಯಿಗೂ ಒಟ್ಟಿಗೆ ಗೊತ್ತಾಗಬೇಕು. ರೈಲು ಓಡಿಸುವವರೂ ಇದನ್ನೇ ಮಾಡುತ್ತಾರೆ. ನಾನು ವಾಪಸ್ ಬಂದ ಮೇಲೆ ಮನೆಯಲ್ಲಿ ಗ್ಯಾಸ್ ಆಫ್ ಮಾಡಿದಾಗಲೂ ಕೈ ಚಾಚುತ್ತೇನೆ. ನನ್ನ ಮಗಳೂ ಕಲಿತಿದ್ದಾಳೆ.

ಗೆಂಬದಲ್ಲಿ ಉದ್ದುದ್ದ ಗೌರವದ ಮಾತು ಆಡಲು ಯಾರಿಗೂ ಪುರುಸೊತ್ತು ಇರಲ್ಲ. ಆದರೆ ಹೋರೆನ್ಸೋ ಮಾತ್ರ ಮರೆಯಬೇಡಿ.

ಹೇಮಾವತಿ_ದಂಡೆ:

ಹೋರೆನ್ಸೋ ಅಂದರೆ ಪಾಲಕ್ ಸೊಪ್ಪು ಅಲ್ವಾ?

ಎರಡನೇ_ಪಾಳಿ:

ಹೌದು, ಉಚ್ಚಾರ ಅದೇ. ಹೋಕೊಕು ಅಂದರೆ ವರದಿ, ರೆನ್ರಕು ಅಂದರೆ ತಿಳಿಸುವುದು, ಸೋದನ್ ಅಂದರೆ ಸಲಹೆ ಕೇಳುವುದು. ಮೂರರ ಮೊದಲ ಅಕ್ಷರ ಸೇರಿಸಿದರೆ ಸೊಪ್ಪಿನ ಹೆಸರು. 1982ರಲ್ಲಿ ಯಮಝಕಿ ತೊಮಿಜಿ ಅನ್ನುವ ಶೇರು ಕಂಪನಿಯ ಮುಖ್ಯಸ್ಥರು ತಮ್ಮ ಕಂಪನಿಯಲ್ಲಿ ಇದನ್ನು ಶುರು ಮಾಡಿದರು. ಅಲ್ಲಿಂದ ಇಡೀ ದೇಶಕ್ಕೆ ಹಬ್ಬಿತು.

ನಾವು ಏನು ಮಾಡುತ್ತೇವೆ? ಕೆಲಸ ಪೂರ್ತಿ ಮುಗಿಸಿ, ಆಮೇಲೆ ಹೋಗಿ 'ಆಯ್ತು ಸರ್' ಅನ್ನುತ್ತೇವೆ. ಅಲ್ಲಿ ಅರ್ಧ ಆದಾಗಲೇ ಹೇಳಬೇಕು. ಮಷಿನ್ ಕೆಟ್ಟರೆ ಮೊದಲು ಹೇಳಿ, ಆಮೇಲೆ ರಿಪೇರಿ. ಕೆಟ್ಟ ಸುದ್ದಿ ಬೇಗ ತಂದವನನ್ನು ಅಲ್ಲಿ ಯಾರೂ ಬೈದಿದ್ದು ನಾನು ನೋಡಲಿಲ್ಲ. ತಡ ಮಾಡಿದರೆ ಮಾತ್ರ ಮುಖ ಗಟ್ಟಿಯಾಗುತ್ತಿತ್ತು.

ಒತ್ತಕ್ಷರ:

ನಾನು ಬೆಂಗಳೂರಿನಲ್ಲಿ ಜಪಾನಿ ಕಲಿಸುತ್ತೇನೆ. ಹೇಮಾವತಿ ಅವರೇ, ನಿಮಗೆ ಧೈರ್ಯ ತುಂಬುವುದಕ್ಕೆ ಸುಮ್ನೆ ಹೇಳುತ್ತಿಲ್ಲ, ಕನ್ನಡದವರಿಗೆ ಈ ಭಾಷೆಯ ಅರ್ಧ ದಾರಿ ಹುಟ್ಟಿನಿಂದಲೇ ಗೊತ್ತಿರುತ್ತದೆ. ತೊಂದರೆ ಏನೆಂದರೆ ನಾವು ಇಂಗ್ಲಿಷ್ ಪುಸ್ತಕ ಹಿಡಿದು ಜಪಾನಿ ಕಲಿಯುತ್ತೇವೆ. ಮನೆಯ ಹಿಂದಿನ ಬಾವಿ ಬಿಟ್ಟು ಮೈಲಿ ದೂರ ನೀರಿಗೆ ಹೋದ ಹಾಗೆ.

'ಮಾಡಿ ನೋಡು' ಅನ್ನುತ್ತೇವೆ. ಅವರು 'ಶಿತೆ ಮಿರು' ಅನ್ನುತ್ತಾರೆ, ಮಿರು ಅಂದರೆ ನೋಡು. 'ಮಾಡಿಡು' ಅಂದರೆ 'ಶಿತೆ ಒಕು', ಒಕು ಅಂದರೆ ಇಡು. 'ತಿಂದುಬಿಟ್ಟ' ಅನ್ನುವಲ್ಲಿ ಆ 'ಬಿಟ್ಟ' ಏನು ಭಾವ ಕೊಡುತ್ತದೋ, 'ತಬೆತೆ ಶಿಮತ್ತ'ದ 'ಶಿಮತ್ತ' ಅದನ್ನೇ ಕೊಡುತ್ತದೆ. 'ಬರ್ತೀನಿ ಅಂತ ಹೇಳಿದ' ಅನ್ನುವ 'ಅಂತ' ಅವರಲ್ಲಿ 'ತೊ'. ಪದದ ಹಿಂದೆ ವಿಭಕ್ತಿ, ವಾಕ್ಯದ ಕೊನೆಯಲ್ಲಿ ಕ್ರಿಯಾಪದ. ಮನೆಯಿಂದ ಹೊರಡುವಾಗ ನಾವು 'ಹೋಗ್ತೀನಿ' ಅನ್ನಲ್ಲ, 'ಹೋಗಿ ಬರ್ತೀನಿ' ಅನ್ನುತ್ತೇವೆ. ಜಪಾನಿನಲ್ಲೂ 'ಇತ್ತೆ ಕಿಮಸು'. ಅದೂ ಹೋಗಿ ಬರ್ತೀನಿ ಅಂತಲೇ. ಆಫೀಸಿನಿಂದ ಗ್ರಾಹಕರ ಹತ್ತಿರ ಹೊರಟಾಗಲೂ ಇದನ್ನೇ ಹೇಳುತ್ತಾರೆ. ಉಳಿದವರು 'ಇತ್ತೆರಶ್ಶಯಿ' ಅನ್ನುತ್ತಾರೆ, ಹೋಗಿ ಬನ್ನಿ. ಮೊದಲ ಸಲ ಇದನ್ನು ಕೇಳಿದಾಗ ನನಗೆ ಅಜ್ಜಿ ಬಾಗಿಲಲ್ಲಿ ನಿಂತು ಕಳಿಸಿದ ಹಾಗಾಗಿತ್ತು.

ಉಚ್ಚಾರ ಇನ್ನೂ ಸಲೀಸು. ನಮಗೆ ಎ, ಏ ಬೇರೆ. ಒ, ಓ ಬೇರೆ. ಅವರಿಗೂ ಬೇರೆ. ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮ. ಒಬಾಸನ್ ಅಂದರೆ ಅಜ್ಜಿ. ಬಿರು ಅಂದರೆ ಕಟ್ಟಡ, ಬೀರು ಅಂದರೆ ಬಿಯರು. ನಮ್ಮ ಒತ್ತಕ್ಷರವೂ ಅವರಲ್ಲಿದೆ. ಕಿತೆ ಅಂದರೆ ಬಾ, ಕಿತ್ತೆ ಅಂದರೆ ಅಂಚೆ ಚೀಟಿ. ಅದಕ್ಕೇ ನಾನು ವಿದ್ಯಾರ್ಥಿಗಳಿಗೆ ಹೇಳುವುದು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲಿ ಬರೆದುಕೊಳ್ಳಿ. ಇಲ್ಲಿ ಹಲವರು 'ಸಾನ್' ಅಂತ ಎಳೆಯುತ್ತಾರೆ. ಅದು ಚಿಕ್ಕದು, ಸನ್.

ಈಗ ಕೇಗೊ, ಅಂದರೆ ಗೌರವದ ಭಾಷೆ. ಮುಖ್ಯವಾಗಿ ಮೂರು ಬಗೆ. ಎದುರಿನವರನ್ನು ಏರಿಸುವುದು ಸೊನ್ಕೇಗೊ. ನಮ್ಮನ್ನು ಇಳಿಸಿಕೊಳ್ಳುವುದು ಕೆನ್ಜೋಗೊ. ಸಾಮಾನ್ಯ ಮರ್ಯಾದೆ ತೇನೇಗೊ, ಅದೇ ನೀವು ಕ್ಲಾಸಿನಲ್ಲಿ ಕಲಿತ 'ಮಸು', 'ದೆಸು'. 2007ರಲ್ಲಿ ಅಲ್ಲಿಯ ಸರ್ಕಾರದ ಸಂಸ್ಕೃತಿ ಮಂಡಳಿ ಇದನ್ನು ಐದಾಗಿ ಒಡೆದು ಮಾರ್ಗದರ್ಶಿ ಹೊರಡಿಸಿತು, ಆದರೆ ನಿಮಗೆ ಈಗ ಮೂರು ಸಾಕು.

ಒಂದು ಗುಟ್ಟು ಹೇಳುತ್ತೇನೆ. ಕನ್ನಡದಲ್ಲಿ 'ಬರುತ್ತೇನೆ', 'ಬರುತ್ತೀರಿ', 'ಬರುತ್ತಾರೆ' ಅಂದಾಗ ನಾನು, ನೀವು, ಅವರು ಅಂತ ಬೇರೆ ಹೇಳುವುದೇ ಬೇಡ. ಕೊನೆಯ ಅಕ್ಷರವೇ ಹೇಳುತ್ತದೆ. ಜಪಾನಿ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ಆ ಕೆಲಸವನ್ನು ಕೇಗೊ ಮಾಡುತ್ತದೆ. 'ಮಯಿರಿಮಸು' ಅಂದರೆ ಬರುವವನು ನಾನೇ ಅಥವಾ ನನ್ನ ಕಡೆಯವರೇ. 'ಇರಶ್ಶಯಿಮಸು' ಅಂದರೆ ಬರುವವರು ನೀವೇ ಅಥವಾ ದೊಡ್ಡವರು. ಹಾಗೇ ನಾನು 'ಹಯಿಕೆನ್' ಮಾಡುತ್ತೇನೆ, ನೀವು 'ಗೊರನ್ ನಿ ನರು' ಮಾಡುತ್ತೀರಿ, ಎರಡೂ ನೋಡುವುದೇ. ನಾನು 'ಇತದಕು', ನೀವು 'ಮೆಶಿಅಗರು', ಎರಡೂ ಊಟವೇ. ಕೇಗೊ ಬರೀ ಅಲಂಕಾರ ಅಂತ ತಿಳಿದರೆ ಭಾರ ಆಗುತ್ತದೆ. ಯಾರು ಏನು ಮಾಡಿದರು ಅಂತ ಹೇಳುವ ದಾರಿ ಅದು ಅಂತ ತಿಳಿದರೆ ಹಗುರ ಆಗುತ್ತದೆ.

ಯೊದೊಗವ:

ಒತ್ತಕ್ಷರ ಮೇಡಂ ಬರೆದದ್ದನ್ನು ಓದಿ ಖುಷಿಯಾಯ್ತು. 11 ವರ್ಷದಲ್ಲಿ ನನಗೆ ಆ ಬಾಲದ ವಿಷಯ ಹೊಳೆದೇ ಇರಲಿಲ್ಲ.

ಆದರೂ ನನ್ನ ಮಾತು ಸ್ವಲ್ಪ ಬೇರೆ. ಮೂರು ತಿಂಗಳು ಇದೆ ಅಂದಾಗ ಮೊದಲು ವಾಕ್ಯಗಳೇ ಬಾಯಿಗೆ ಬರಲಿ. ವ್ಯಾಕರಣ ಯೋಚಿಸುತ್ತಾ ಫೋನ್ ಎತ್ತಲು ಆಗಲ್ಲ. ಮೂರನೇ ರಿಂಗ್ ಒಳಗೆ ಎತ್ತಬೇಕು ಅಂತ ಕಲಿಸುತ್ತಾರೆ. ತಡವಾದರೆ 'ಒಮತಸೆ ಇತಶಿಮಶಿತ' ಅಂತ ಶುರು ಮಾಡಬೇಕು, ಕಾಯಿಸಿದೆವು ಅಂತ. 'ಮೊಶಿ ಮೊಶಿ' ಮನೆ ಫೋನಿಗೆ ಇರಲಿ, ಆಫೀಸಿಗೆ ಬೇಡ. 'ಒದೆನ್ವ ಅರಿಗತೋ ಗೊಝಯಿಮಸು' (ಫೋನ್ ಮಾಡಿದ್ದಕ್ಕೆ ಧನ್ಯವಾದ) ಅಂದು ಕಂಪನಿ ಹೆಸರು ಹೇಳಿ. ಅವರು ಹೆಸರು ಹೇಳಿದ ಕೂಡಲೇ 'ಇತ್ಸುಮೊ ಒಸೆವ ನಿ ನತ್ತೆ ಒರಿಮಸು'. ನಿಮಗೆ ವಿಡಿಯೊ ಕಾಲಿನಲ್ಲಿ ತಪ್ಪಿಹೋದ ವಾಕ್ಯ ಬಹುಶಃ ಇದೇ. ಯಾವಾಗಲೂ ನಿಮ್ಮ ಆರೈಕೆಯಲ್ಲಿ ಇದ್ದೇವೆ ಅಂತ ಅಕ್ಷರಾರ್ಥ. ಮೊದಲ ಸಲ ಫೋನ್ ಮಾಡಿದವರಿಗೂ ಹೇಳುತ್ತಾರೆ, ಏಕೆಂದರೆ ಅವರಿಗೂ ನಿಮಗೂ ಅಲ್ಲ ಲೆಕ್ಕ, ಅವರ ಕಂಪನಿಗೂ ನಿಮ್ಮ ಕಂಪನಿಗೂ.

ಹೆಸರು ಕೇಳಿಸಲಿಲ್ಲ ಅಂತ ಇಟ್ಟುಕೊಳ್ಳಿ. 'ಜೋರಾಗಿ ಮಾತಾಡಿ' ಅನ್ನಬಾರದು. 'ಒದೆನ್ವ ಗ ತೋಯಿ ಯೋ ದೆಸು' ಅನ್ನಬೇಕು. ಫೋನು ದೂರ ಇದ್ದ ಹಾಗಿದೆ ಅಂತ. ತಪ್ಪು ಅವರದೂ ಅಲ್ಲ, ನಿಮ್ಮದೂ ಅಲ್ಲ, ಫೋನಿನದು. ನನಗೆ ಈ ಭಾಷೆಯಲ್ಲಿ ತುಂಬಾ ಇಷ್ಟವಾದ ವಾಕ್ಯ ಇದು. ಕೊನೆಯಲ್ಲಿ 'ಶಿತ್ಸುರೇ ಇತಶಿಮಸು' ಅಂದು ಅವರು ಇಡುವವರೆಗೆ ಕಾಯಿರಿ. ಆಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ಲೈನ್ ಕಟ್ ಮಾಡಿ, ಕುಕ್ಕಬೇಡಿ.

ಆಫೀಸಿನ ಒಳಗೆ ಎಲ್ಲದಕ್ಕೂ 'ಒತ್ಸುಕರೆಸಮ ದೆಸು'. ದಣಿದಿದ್ದೀರಿ ಅನ್ನುವ ಭಾವ. ಕಾರಿಡಾರಿನಲ್ಲಿ ಎದುರಾದರೂ ಅದೇ, ಒಳಗಿನವರಿಗೆ ಬರೆಯುವ ಮೇಲ್ ಶುರುವಿಗೂ ಅದೇ. 'ಗೊಕುರೋಸಮ' ಅಂತ ಇನ್ನೊಂದಿದೆ, ಅದು ಮೇಲಿನವರು ಕೆಳಗಿನವರಿಗೆ ಹೇಳುವುದು. ನೀವು ಮುಖ್ಯಸ್ಥರಿಗೆ ಹೇಳಿಬಿಟ್ಟೀರಿ, ಜೋಕೆ. 'ಆಯ್ತು' ಅನ್ನುವುದಕ್ಕೆ ಗೆಳೆಯರ ಜೊತೆ 'ರ್ಯೋಕಯಿ' ನಡೆಯುತ್ತದೆ. ಮೇಲಿನವರಿಗೆ 'ಶೋಚಿ ಇತಶಿಮಶಿತ', ಗ್ರಾಹಕರಿಗೆ 'ಕಶಿಕೊಮರಿಮಶಿತ'. ಸಂಜೆ ಬೇರೆಯವರಿಗಿಂತ ಮುಂಚೆ ಹೊರಟರೆ 'ಒಸಕಿ ನಿ ಶಿತ್ಸುರೇ ಶಿಮಸು'. 'ಸಯೋನರ' ಆಫೀಸಿನಲ್ಲಿ ಯಾರೂ ಅನ್ನಲ್ಲ.

ಕಡತ_ಕಪಾಟು:

ಮೇಲ್ ಬಗ್ಗೆ ಯಾರೂ ಬರೆದಿಲ್ಲ, ನಾನು ಸೇರಿಸುತ್ತೇನೆ. ಬೆಂಗಳೂರಿನಲ್ಲೇ ಕೂತು ಟೋಕಿಯೊ ಗ್ರಾಹಕರಿಗೆ ದಿನಾ ಬರೆಯುವ ಕೆಲಸ ನನ್ನದು.

ಎದುರಿನವರ ಕಂಪನಿಗೆ ಬರೆಯುವಾಗ 'ಕಿಶ', ಮಾತಾಡುವಾಗ 'ಒನ್ಶ'. ಯಾಕೆ ಎರಡು ಅಂದರೆ, ಕಿಶ ಅನ್ನುವ ಉಚ್ಚಾರಕ್ಕೆ ಉಗಿಬಂಡಿ, ವರದಿಗಾರ, ಆಫೀಸಿಗೆ ವಾಪಸ್ ಬರುವುದು ಅಂತೆಲ್ಲ ಬೇರೆ ಅರ್ಥ ಇವೆ. ಬರೆದರೆ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರ ನೋಡಿ ಗೊತ್ತಾಗುತ್ತದೆ, ಕಿವಿಗೆ ಗೊತ್ತಾಗಲ್ಲ. ನಮ್ಮ ಕಂಪನಿ 'ಹೇಶ'. ಅವರ ಹೆಸರಿನ ಕೊನೆಗೆ 'ಸಮ', ಅದು ಸನ್ ಅನ್ನುವುದಕ್ಕಿಂತ ಹೆಚ್ಚಿನ ಗೌರವ. ಆದರೆ ಹುದ್ದೆಗೆ ಸಮ ಸೇರಿಸಬೇಡಿ. ಬುಚೋ ಅನ್ನುವುದೇ ಗೌರವ, ಬುಚೋಸಮ ಅಂದರೆ 'ಶ್ರೀಗಳವರುಗಳವರು' ಅಂದ ಹಾಗಾಗುತ್ತದೆ.

ಏನಾದರೂ ಕೇಳುವ ಮುಂಚೆ ಒಂದು ದಿಂಬು ಇಡಬೇಕು. ಅವರೇ ಇದನ್ನು ಕುಶ್ಶೊನ್ ಕೊತೊಬ ಅನ್ನುತ್ತಾರೆ, ಮೆತ್ತೆಯ ಮಾತು. 'ಒಇಸೊಗಶೀ ತೊಕೊರೊ ಒಸೊರೆಯಿರಿಮಸು ಗ', ಬಿಡುವಿಲ್ಲದ ಹೊತ್ತಿನಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ, ಆದರೆ... ಆ ಕೊನೆಯ 'ಗ' ಬಹಳ ಮುಖ್ಯ. ಅದು ಬಂದರೆ ಓದುವವರು ಮುಂದಿನ ಮಾತಿಗೆ ತಯಾರಾಗುತ್ತಾರೆ.

ಇನ್ನೊಂದು ಎಚ್ಚರಿಕೆ. ಇಂಗ್ಲಿಷಿನ ಹಾಗೆ ಕಾಣುವ ಪದ ನಂಬಬೇಡಿ. 'ಕುರೇಮು' ಅಂದರೆ ಕ್ಲೇಮ್ ಅಂತ ತಿಳಿದು ಇನ್ಶೂರೆನ್ಸ್ ಅಂದುಕೊಂಡಿದ್ದೆ. ಅದು ಗ್ರಾಹಕರ ದೂರು! ಎರಡು ದಿನ ಆ ಮೇಲಿಗೆ ಉತ್ತರ ಹೋಗದೆ ನಮ್ಮ ತಂಡವೆಲ್ಲ ಕ್ಷಮೆ ಕೇಳಬೇಕಾಯ್ತು. 'ಮೋಶಿವಕೆ ಗೊಝಯಿಮಸೆನ್' ಅಂತ ಅವತ್ತು ಎಷ್ಟು ಸಲ ಬರೆದೆನೋ. ಹೇಳಿಕೊಳ್ಳಲು ನೆಪವೇ ಇಲ್ಲ ಅಂತ ಅದರ ಅರ್ಥ. ಬರೀ ಕ್ಷಮಿಸಿ ಅನ್ನುವ 'ಸುಮಿಮಸೆನ್' ಆ ಜಾಗಕ್ಕೆ ಸಾಲದು.

ಚಿತ್ರಕಥೆ_ಪೆಟ್ಟಿಗೆ:

ನಾನು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ ಓದಿಯೇ ಜಪಾನಿಗೆ ಬಂದವನು. ಅದಕ್ಕೂ ಮುಂಚೆ ಚಿಕ್ಕಂದಿನಲ್ಲಿ ಫ್ಯಾಂಟಮ್, ಮಾಂಡ್ರೇಕ್. ಬೇಸಿಗೆ ರಜದಲ್ಲಿ ಅಜ್ಜನ ಮನೆಯ ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಇದ್ದವು. ಹಾಗಾಗಿ ಈ ಚರ್ಚೆಗೆ ಒಂದು ಮಾತು ಸೇರಿಸಬೇಕು ಅನ್ನಿಸಿತು.

ಲೀ ಫಾಕ್ ಫ್ಯಾಂಟಮ್‌ನನ್ನು ಪತ್ರಿಕೆಗೆ ತಂದದ್ದು 1936ರಲ್ಲಿ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಹತ್ತು ಸೆಂಟಿನ ಪುಸ್ತಕದಲ್ಲಿ. ಬರೆದವರು ಜೆರ್ರಿ ಸೀಗಲ್, ಚಿತ್ರ ಜೋ ಶುಸ್ಟರ್. ಆ ಸೂಪರ್‌ಮ್ಯಾನ್ ಹಗಲು ಹೊತ್ತು ಕ್ಲಾರ್ಕ್ ಕೆಂಟ್ ಅನ್ನುವ ಹೆಸರಿನಲ್ಲಿ ಪತ್ರಿಕೆ ಆಫೀಸಿನ ನೌಕರ. ಸಂಪಾದಕರು ಬೈದರೆ ತಲೆ ತಗ್ಗಿಸುತ್ತಾನೆ. 1962ರ ಸ್ಪೈಡರ್‌ಮ್ಯಾನ್ ಕೂಡ ಪತ್ರಿಕೆಗೆ ಫೋಟೊ ಮಾರಿ ಬದುಕುವ ಹುಡುಗ. ಆದರೆ ಇವರು ಹೀರೊ ಆಗುವುದು ಯಾವಾಗ? ಟೈ ಕಿತ್ತು, ಅಂಗಿ ಬಿಚ್ಚಿ ಆಫೀಸಿನಿಂದ ಹಾರಿದಾಗ.

ಜಪಾನಿನಲ್ಲಿ ಟೈ ಬಿಚ್ಚದೆಯೇ ಹೀರೊ ಆದವನು ಇದ್ದಾನೆ. ಶಿಮ ಕೋಸಕು. 1983ರಲ್ಲಿ ಹಿರೊಕನೆ ಕೆನ್ಶಿ ಶುರು ಮಾಡಿದ ಮಾಂಗಾ. ಹಿರೊಕನೆ ಸ್ವತಃ ಮತ್ಸುಶಿತ ಕಂಪನಿಯಲ್ಲಿ ಕೆಲಸ ಮಾಡಿದ್ದವರು. ಶಿಮ ಶುರುವಿನಲ್ಲಿ ಕಚೋ, ಅಂದರೆ ಒಂದು ಸಣ್ಣ ವಿಭಾಗದ ಮುಖ್ಯಸ್ಥ. ಓದುಗರ ಜೊತೆಗೇ ಅವನಿಗೂ ವಯಸ್ಸಾಗುತ್ತದೆ, ಬಡ್ತಿ ಸಿಗುತ್ತದೆ. 2008ರಲ್ಲಿ ಕಂಪನಿಯ ಅಧ್ಯಕ್ಷನೇ ಆದ. ಕ್ಲಾರ್ಕ್ ಕೆಂಟ್‌ಗೆ 80 ವರ್ಷ ದಾಟಿದರೂ ಬಡ್ತಿ ಇಲ್ಲ, ವಯಸ್ಸೂ ಇಲ್ಲ.

ಹಾಗಂತ ಜಪಾನಿನಲ್ಲಿ ಹಾರುವ ಹೀರೊಗಳು ಇಲ್ಲ ಅಂತಲ್ಲ. ಓಗೊನ್ ಬತ್ತೊ ಅನ್ನುವ ತಲೆಬುರುಡೆ ಮುಖದ ಹೀರೊ 1931ರಲ್ಲೇ ಬಂದಿದ್ದ, ಸೂಪರ್‌ಮ್ಯಾನ್‌ಗಿಂತ ಏಳು ವರ್ಷ ಮುಂಚೆ. ಬೀದಿಯಲ್ಲಿ ಸೈಕಲ್ ನಿಲ್ಲಿಸಿ, ಚಿತ್ರದ ಹಾಳೆ ಒಂದೊಂದಾಗಿ ಎಳೆದು ಕತೆ ಹೇಳುತ್ತಿದ್ದ ಕಮಿಶಿಬಯಿಯವರು ಅವನನ್ನು ಹುಟ್ಟಿಸಿದರು. ಮಕ್ಕಳು ಮಿಠಾಯಿ ಕೊಂಡು ಮುಂದೆ ಕೂರುತ್ತಿದ್ದರು. ಮುಂದೆ 1978ರಲ್ಲಿ ತೋಯೆ ಕಂಪನಿ ಸ್ಪೈಡರ್‌ಮ್ಯಾನ್‌ನನ್ನು ಟಿವಿಗೆ ತಂದಾಗ ಅವನ ಕೈಗೆ ದೈತ್ಯ ರೋಬೊ ಒಂದನ್ನು ಕೊಟ್ಟರು. ಹೊರಗಿಂದ ಬಂದದ್ದನ್ನು ತಮ್ಮದು ಮಾಡಿಕೊಳ್ಳುವ ಆ ಕಸುಬು ನನಗೆ ಬಹಳ ಇಷ್ಟ.

ನನ್ನ ಪ್ರಶ್ನೆ ಇದು. ಮಾಂಗಾ ಓದಿದರೆ ಆಫೀಸಿನ ಮಾತು ಬರುತ್ತದಾ?

ಒತ್ತಕ್ಷರ:

ಒಳ್ಳೆಯ ಪ್ರಶ್ನೆ. ಆಫೀಸಿನ ಕತೆಯ ಮಾಂಗಾ ಆದರೆ ಖಂಡಿತ ಓದಿ. ಸಾಹಸದ ಹೀರೊಗಳ ಮಾತನ್ನು ಮಾತ್ರ ಆಫೀಸಿಗೆ ಒಯ್ಯಬೇಡಿ. ಹೀರೊ ತನ್ನನ್ನು 'ಒರೆ' ಅನ್ನುತ್ತಾನೆ, ಎದುರಿನವನನ್ನು 'ಒಮಯೆ' ಅನ್ನುತ್ತಾನೆ. ಆಫೀಸಿನಲ್ಲಿ ನಾನು ಅನ್ನುವುದಕ್ಕೆ 'ವತಶಿ', ಇನ್ನೂ ಮರ್ಯಾದೆ ಬೇಕಾದರೆ 'ವತಕುಶಿ'. ಎದುರಿನವರಿಗೆ 'ಅನತ' ಕೂಡ ಬೇಡ. ಅವರ ಹೆಸರು ಹೇಳಿ ಸನ್ ಸೇರಿಸಿ, ಅಥವಾ ಹುದ್ದೆ ಹೇಳಿ.

ಮುದುಕ ಹೀಗೆ ಮಾತಾಡಬೇಕು, ರಾಜಕುಮಾರಿ ಹೀಗೆ, ಹೀರೊ ಹೀಗೆ ಅಂತ ಕತೆಗಳಲ್ಲಿ ಒಂದು ಕಟ್ಟು ಇರುತ್ತದೆ. ಅದಕ್ಕೆ 'ಯಕುವರಿಗೊ' ಅಂತ ಹೆಸರಿದೆ, ಪಾತ್ರದ ಮಾತು. ನಮ್ಮ ಬಯಲಾಟದ ರಾಕ್ಷಸ ಮಾತಾಡಿದ ಹಾಗೆ ಬ್ಯಾಂಕಿನಲ್ಲಿ ಯಾರಾದರೂ ಮಾತಾಡುತ್ತಾರಾ? ಅದೇ ಲೆಕ್ಕ.

ಎರಡನೇ_ಪಾಳಿ:

ಗೆಂಬದಲ್ಲಿ ಹಳಬರು 'ಒರೆ' ಅನ್ನುತ್ತಾರೆ ಮೇಡಂ. ಆದರೆ ಹೊಸಬ ಅಂದರೆ ತಿರುಗಿ ನೋಡುತ್ತಾರೆ.

ನೇತ್ರಾವತಿ_ತಿರುವು:

ನಾನು ಮಾರಾಟ ವಿಭಾಗದಲ್ಲಿ ಇದ್ದವಳು. ವಾಕ್ಯ ಹೇಳುವುದಕ್ಕಿಂತ ವಾಕ್ಯ ಕೇಳಿಸಿಕೊಳ್ಳುವುದು ಕಷ್ಟ ಅಂತ ನನ್ನ ಅನುಭವ.

ಮೊದಲ ವರ್ಷ ಒಂದು ಮೀಟಿಂಗ್ ಮುಗಿದಾಗ ಅವರು 'ಕೆಂತೋ ಶಿಮಸು' ಅಂದರು. ಪರಿಶೀಲಿಸುತ್ತೇವೆ ಅಂತ ಅರ್ಥ. ನಾನು ಖುಷಿಯಾಗಿ ಬೆಂಗಳೂರಿಗೆ ಮೇಲ್ ಹಾಕಿದೆ, ಆರ್ಡರ್ ಹತ್ತಿರ ಬಂತು ಅಂತ. ಎರಡು ತಿಂಗಳು ಕಾದೆವು. ಏನೂ ಬರಲಿಲ್ಲ. ಆಮೇಲೆ ಅಲ್ಲಿಯ ಗೆಳತಿ ಹೇಳಿದಳು, ಅದು ಹೆಚ್ಚುಪಾಲು ಬೇಡ ಅಂತಲೇ. ನನಗೆ ನನ್ನ ದೊಡ್ಡಪ್ಪ ನೆನಪಾದರು. ಯಾರಾದರೂ ಸಂಬಂಧ ತಂದರೆ 'ನೋಡೋಣ ಬಿಡಿ' ಅನ್ನುತ್ತಿದ್ದರು. ಆ 'ನೋಡೋಣ' ಕೇಳಿ ನಾವು ಯಾರೂ ಮಂಟಪ ಬುಕ್ ಮಾಡುತ್ತಿರಲಿಲ್ಲ, ಅಲ್ವಾ? ಕನ್ನಡದಲ್ಲಿ ಗೊತ್ತಿದ್ದದ್ದು ಜಪಾನಿಯಲ್ಲಿ ಯಾಕೆ ಮರೆತೆ? ಏಕೆಂದರೆ ನಾನು ಅದನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ಮಾಡಿಕೊಂಡು ಕೇಳುತ್ತಿದ್ದೆ.

'ಮುಝುಕಶೀ' ಅಂದರೆ ಕಷ್ಟ. ಮೀಟಿಂಗಿನಲ್ಲಿ ಅಂದರೆ ಆಗಲ್ಲ. 'ಚೊತ್ತೊ...' ಅಂದು ಹಲ್ಲಿನ ಸಂದಿಯಿಂದ ಉಸಿರು ಎಳೆದರೆ ಅದೂ ಆಗಲ್ಲ. ಅಲ್ಲಿಗೆ ನಿಲ್ಲಿಸಿ, ಮತ್ತೆ ಒತ್ತಾಯ ಮಾಡಬೇಡಿ.

ಇದಕ್ಕೆಲ್ಲ ಮದ್ದು ನೆಮವಶಿ. ಮರವನ್ನು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಅಗೆದು ತಯಾರು ಮಾಡುವುದಕ್ಕೆ ಹಾಗನ್ನುತ್ತಾರೆ. ಅಡಿಕೆ, ತೆಂಗು ಬೆಳೆಸುವ ಮನೆಯವಳಾದ ನನಗೆ ಇದು ಕೂಡಲೇ ಹಿಡಿಸಿತು. ಮೀಟಿಂಗಿಗೆ ಮುಂಚೆ ಒಬ್ಬೊಬ್ಬರ ಹತ್ತಿರ ಹೋಗಿ ವಿಷಯ ಹೇಳಿ, ಅವರ ಅನುಮಾನ ಕೇಳಿ, ಸರಿ ಮಾಡಿಕೊಂಡು ಬರಬೇಕು. ಮೀಟಿಂಗ್ ನಡೆಯುವುದು ಒಪ್ಪಿದ್ದನ್ನು ಒಪ್ಪಿದೆವು ಅನ್ನುವುದಕ್ಕೆ. ಹೊಸ ವಿಷಯವನ್ನು ಮೀಟಿಂಗಿನಲ್ಲೇ ಮೊದಲ ಸಲ ಎತ್ತಿದರೆ ಎಷ್ಟೇ ಒಳ್ಳೆಯದಾಗಿದ್ದರೂ ಎಲ್ಲರೂ ಹಾಳೆ ನೋಡುತ್ತಾ ಕೂರುತ್ತಾರೆ. ನನ್ನ ಎರಡನೇ ವರ್ಷದ ಆರ್ಡರುಗಳೆಲ್ಲ ಮೀಟಿಂಗ್ ಕೋಣೆಯ ಹೊರಗೆ, ಕಾಫಿ ಮಷಿನಿನ ಹತ್ತಿರ ಆದವು.

ಹೇಮಾವತಿ_ದಂಡೆ:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಯೊದೊಗವ ಸರ್ ಕೊಟ್ಟ ವಾಕ್ಯಗಳನ್ನು ಕನ್ನಡದಲ್ಲಿ ಬರೆದು ಅಡುಗೆಮನೆ ಕಪಾಟಿಗೆ ಅಂಟಿಸಿದ್ದೇನೆ. ಅಮ್ಮ ಫೋನ್ ಮಾಡಿದವರ ಪಾತ್ರ ಮಾಡುತ್ತಾರೆ, ನಾನು ಎತ್ತುತ್ತೇನೆ. ಎರಡು ಸಣ್ಣ ಪ್ರಶ್ನೆ. ಬಿಜೆಟಿ ಅಂತ ಬಿಸಿನೆಸ್ ಪರೀಕ್ಷೆ ಇದೆಯಂತೆ, ಬರೆಯಲಾ? ವಿಸಿಟಿಂಗ್ ಕಾರ್ಡ್ ಕೊಡುವ ಕ್ರಮ ಹೇಗೆ?

ಒತ್ತಕ್ಷರ:

ಬಿಜೆಟಿ 1996ರಿಂದ ಇದೆ. ಪಾಸು, ಫೇಲು ಇಲ್ಲ, 800ಕ್ಕೆ ಅಂಕ ಕೊಡುತ್ತಾರೆ. ಕೆಲಸ ಆಗಲೇ ಸಿಕ್ಕಿದೆಯಲ್ಲ, ಈಗ ಅವಸರ ಬೇಡ. ಅದರ ಕೇಳುವ ಅಭ್ಯಾಸಗಳನ್ನು ಮಾತ್ರ ಮಾಡಿ. ಜೆಎಲ್‌ಪಿಟಿಯಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ, ಹಾಗಾಗಿ ಎನ್3 ಆದರೂ ಫೋನಿಗೆ ಹೆದರುವುದು ಸಹಜ. ಅಮ್ಮನ ಜೊತೆ ಮಾಡುತ್ತಿರುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ.

ನೇತ್ರಾವತಿ_ತಿರುವು:

ಕಾರ್ಡಿಗೆ ಮೇಶಿ ಅನ್ನುತ್ತಾರೆ. ಎದ್ದು ನಿಂತು, ಎರಡೂ ಕೈಯಲ್ಲಿ, ಅಕ್ಷರ ಅವರ ಕಡೆಗೆ ಇರುವ ಹಾಗೆ, ಅವರ ಕೈಗಿಂತ ಸ್ವಲ್ಪ ಕೆಳಗೆ ಹಿಡಿದು ಕೊಡಿ. ತೆಗೆದುಕೊಳ್ಳುವಾಗ 'ಚೋದಯಿ ಇತಶಿಮಸು', ಸ್ವೀಕರಿಸುತ್ತೇನೆ ಅಂತ. ಜೇಬಿಗೆ ಹಾಕಬೇಡಿ, ಅದರ ಮೇಲೆ ಏನೂ ಬರೆಯಬೇಡಿ. ಮೇಜಿನ ಮೇಲೆ ಅವರು ಕೂತ ಕ್ರಮದಲ್ಲೇ ಜೋಡಿಸಿ. ಮೀಟಿಂಗ್ ನಡುವೆ ಹೆಸರು ಮರೆತರೆ ಅದೇ ಕಾಪಾಡುತ್ತದೆ. ನಮ್ಮಲ್ಲಿ ಹಿರಿಯರ ಕೈಯಿಂದ ಪ್ರಸಾದ ತೆಗೆದುಕೊಳ್ಳುತ್ತೀರಲ್ಲ, ಹಾಗೆ ಅಂದುಕೊಳ್ಳಿ, ಸಾಕು.

ಹೇಮಾವತಿ_ದಂಡೆ:

ನಾಲ್ಕು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ನಗೋಯಾದಿಂದ.

ಮೊದಲ ವಾರ ಫೋನ್ ರಿಂಗಾದಾಗಲೆಲ್ಲ ಪಕ್ಕದವರೇ ಎತ್ತಿದರು. ಎರಡನೇ ವಾರದ ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನೊಬ್ಬಳೇ ಇದ್ದೆ. ಫೋನ್ ಬಂತು. ಎರಡನೇ ರಿಂಗಿಗೆ ಎತ್ತಿದೆ. ಬಾಯಿ ತಾನಾಗಿ 'ಒದೆನ್ವ ಅರಿಗತೋ ಗೊಝಯಿಮಸು' ಅಂದಿತು. ಅಡುಗೆಮನೆಯಲ್ಲಿ ಅಮ್ಮನ ಮುಂದೆ ಹೇಳಿದ್ದು ಅದೇ ದನಿಯಲ್ಲಿ ಬಂತು.

ಆ ಕಡೆಯವರು ಬೇಗ ಬೇಗ ಮಾತಾಡಿದರು. ಕಂಪನಿ ಹೆಸರು ಗೊತ್ತಾಯ್ತು. ಅವರ ಹೆಸರು ಸರಿಯಾಗಿ ಕೇಳಿಸಲಿಲ್ಲ. ಫೋನು ದೂರ ಇದ್ದ ಹಾಗಿದೆ ಅಂದೆ. ಅವರು ನಿಧಾನವಾಗಿ ಮತ್ತೆ ಹೇಳಿದರು. 'ಓನೊ'. ಒನೊ ಅಲ್ಲ, ಓನೊ. ನಮ್ಮ ಮುಖ್ಯಸ್ಥರನ್ನು ಕೇಳಿದರು. ಸನ್ ಬಿಟ್ಟು, ಹುದ್ದೆ ಬಿಟ್ಟು, ಬರೀ ಹೆಸರು ಹೇಳಿ 'ಸೆಕಿ ಒ ಹಝುಶಿತೆ ಒರಿಮಸು' ಅಂದೆ. ಹೇಳುವಾಗ ನಾಲಿಗೆ ಒಂದು ಸಲ ತಡವರಿಸಿತು, ಅಷ್ಟು ದೊಡ್ಡವರನ್ನು ಹಾಗೆ ಹೇಳುವುದಕ್ಕೆ ಮನಸ್ಸು ಬರಲಿಲ್ಲ. ವಾಪಸ್ ಫೋನ್ ಮಾಡುತ್ತೇವೆ ಅಂತ 'ಒರಿಕಯೆಶಿ ಒದೆನ್ವ ಇತಶಿಮಸು' ಅಂದೆ. ಅವರು ಇಡುವವರೆಗೆ ಕಾದೆ.

ಚೀಟಿಯಲ್ಲಿ ಸಮಯ, ಕಂಪನಿ, ಹೆಸರು ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಬಂದು ಓದಿ ಕೇಳಿದರು, ಚಿಕ್ಕ ಒನೊನಾ, ದೊಡ್ಡ ಓನೊನಾ ಅಂತ. ಆ ಕಂಪನಿಯಲ್ಲಿ ಇಬ್ಬರೂ ಇದ್ದಾರಂತೆ. ಒಂದರ ಕಾಂಜಿಯಲ್ಲಿ 'ಸಣ್ಣ' ಅಂತ ಇದೆ, ಇನ್ನೊಂದರಲ್ಲಿ 'ದೊಡ್ಡ' ಅಂತ. ನಾನು 'ಓಕೀ ಹೋ ನೊ ಓನೊಸಮ ದೆಸು' ಅಂದೆ, ದೊಡ್ಡ ಓನೊ ಅವರು. ಅವರು ಚೀಟಿಯ ಮೂಲೆ ತೋರಿಸಿ, ಇದೇನು ಅಂತ ಕೇಳಿದರು. ಅವಸರದಲ್ಲಿ ನಾನು ಅಲ್ಲಿ ಕನ್ನಡದಲ್ಲಿ 'ಓ' ಅಂತ ಬರೆದು ಸುತ್ತು ಹಾಕಿದ್ದೆ.